ಕುದುರೆ ಇಳಿದು ಕಾರು ಹತ್ತಿದವನು

ಹೇಳಿದ್ದು ಒಂದೇ ವಾಕ್ಯ. ಅದೂ ನಗುತ್ತಾ. ಇಪ್ಪತ್ತೇಳು ವರ್ಷದ ಹಿಂದೆ ನಗುತ್ತಾ ಹೇಳಿದ ಒಂದು ವಾಕ್ಯಕ್ಕಾಗಿ ಭಾನುವಾರ ಬೆಳಿಗ್ಗೆ ಅಹಮದಾಬಾದಿನಿಂದ ವಡೋದರಕ್ಕೆ ರೈಲು ಹತ್ತಬೇಕಾಗಿತ್ತೇ ಎಂದು ಚಂದ್ರಶೇಖರ ತನ್ನನ್ನೇ ಕೇಳಿಕೊಂಡ. ಹತ್ತಬೇಕಾಗಿರಲಿಲ್ಲ. ಆದರೆ ರೈಲು ಮಣಿನಗರ ಸ್ಟೇಷನ್ನನ್ನು ಆಗಲೇ ದಾಟಿತ್ತು.

ಚೀಲದೊಳಗೆ ಕೈಹಾಕಿ ವೀಡಿಯೋ ಕ್ಯಾಸೆಟ್ಟನ್ನು ಮುಟ್ಟಿ ನೋಡಿದ. ಇತ್ತು. ಎಲ್ಲಿಗೆ ಹೋಗುತ್ತದೆ?

ಹೊರಡುವಾಗ ಊರ್ಮಿಳಾ ಕೇಳಿದ್ದಳು, "ಭಾನುವಾರ ಎಲ್ಲಿಗೆ?"

"ವಡೋದರಕ್ಕೆ."

"ಅಲ್ಲಿ ಯಾರಿದಾರೆ?"

"ಕೆಲಸ ಇದೆ."

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಅದಕ್ಕಿಂತ ಹೆಚ್ಚು ಕೇಳುವುದಿಲ್ಲ. ಕೇಳಿದರೂ ಇವನು ಹೇಳುವುದಿಲ್ಲವೆಂದು ಅವಳಿಗೆ ಗೊತ್ತು. ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟಳು.

ಗುರುವಾರ ಆಫೀಸಿಗೆ ಫೋನು ಬಂದಿತ್ತು. ಆ ಕಡೆ ಹಳೆಯ ಗೆಳೆಯ ದಿವಾಕರನ ಹೆಂಡತಿ ಸುಲೋಚನಾ. "ಇವ್ರಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಯ್ತು. ನಿಮಗೆ ಗೊತ್ತಿರ್ಬೇಕು," ಎಂದಳು. ಗೊತ್ತಿತ್ತು. ನಾಲ್ಕು ತಿಂಗಳಿಂದಲೂ ಗೊತ್ತಿತ್ತು. "ಮಾತೇ ಹೋಗ್ಬಿಟ್ಟಿದೆ. ಹಳೇ ಕಾಲದ್ದು ಏನಾದ್ರೂ ತೋರ್ಸಿ, ಕೇಳ್ಸಿ ಅಂದಿದಾರೆ ಡಾಕ್ಟ್ರು. ಮದುವೆ ಆಲ್ಬಮ್ ತೋರ್ಸಿದೆ, ದೇವರನಾಮ ಹಾಕ್ದೆ. ಊಹೂಂ. ಇವರ ಅಮೆರಿಕದ ದಿನಗಳು ಗೊತ್ತಿರೋರು ನೀವೊಬ್ರೇ. ಒಂದ್ಸಲ ಬಂದು ಮಾತಾಡ್ಸಿ ನೋಡ್ತೀರಾ?"

ಸಾವಿರದ ಒಂಬೈನೂರ ಅರವತ್ತರಿಂದ ಅರವತ್ತೆರಡರವರೆಗೆ ಇಬ್ಬರೂ ಒಹಾಯೋದ ಒಂದು ಚಳಿಯೂರಿನಲ್ಲಿ, ಕ್ರೇಗ್ ದಂಪತಿಗಳ ಮನೆಯ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದವರು. ಓದಲು ಹೋದವರು. ಭಾನುವಾರ ರಾತ್ರಿ ಎಂಟಕ್ಕೆ ಕೆಳಗಿನ ಹಾಲಿನಲ್ಲಿ ಟೀವಿ. ಕುದುರೆಯ ಮೇಲೆ ತಿರುಗುತ್ತಾ ಕೆಟ್ಟವರನ್ನು ಹಿಡಿಯುವ ಶೆರಿಫ್ ಎಂಬ ಪೊಲೀಸನ ಕಥೆ. ಅದಕ್ಕೆ ದುಡ್ಡು ಕೊಟ್ಟು ನಡುನಡುವೆ ತನ್ನ ಜಾಹೀರಾತು ಹಾಕುತ್ತಿದ್ದುದು ಹಾಲ್ಡೇನ್ ಎಂಬ ಕಾರು ಕಂಪನಿ. ಕ್ರೇಗ್ ಹಾಲ್ಡೇನ್ ಕಾರುಗಳನ್ನು ಮಾರುವವನು. ಹಾಗಾಗಿ ಆ ಮನೆಯಲ್ಲಿ ಎಲ್ಲ ಉಲ್ಟಾ. ಪರದೆಯ ಮೇಲೆ ಗುಂಡು ಹಾರುವಾಗ ಕ್ರೇಗ್ ಹವಾಮಾನ ಮಾತಾಡುತ್ತಿದ್ದ, ಹೆಂಡತಿಯನ್ನು ತಿಂಡಿ ಕೇಳುತ್ತಿದ್ದ. ಜಾಹೀರಾತಿನಲ್ಲಿ ಅದೇ ಶೆರಿಫ್ ಕುದುರೆ ಇಳಿದು ಕಾರಿನ ಪಕ್ಕ ಬಂದು ನಿಂತನೋ, ಬೆರಳೆತ್ತಿ "ಷ್!" ಎನ್ನುತ್ತಿದ್ದ, ಕೊನೆಯ ಮಾತನ್ನು ಶೆರಿಫ್‌ಗಿಂತ ಮೊದಲೇ ತಾನು ಮೂಗಿನಲ್ಲಿ ಹೇಳಿಬಿಡುತ್ತಿದ್ದ. ಬೆಕ್ಕು ಕೂಡ ಸುಮ್ಮನಾಗುತ್ತಿತ್ತು. ಕಥೆಯಲ್ಲಿ ಯಾರು ಸತ್ತರೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೀಟಿನ ಚರ್ಮ ಎಂಥದೆಂದು ಎಲ್ಲರಿಗೂ ಗೊತ್ತಿತ್ತು.

ಚಂದ್ರಶೇಖರನಿಗೆ ಅಷ್ಟು ಬೆಚ್ಚಗಿನ ಜಾಗ ಆಮೇಲೆ ಎಲ್ಲೂ ಸಿಗಲಿಲ್ಲ. ಅದನ್ನು ಅವನು ಯಾರಿಗೂ ಹೇಳಿದವನಲ್ಲ.

ಹೇಳಿದ್ದು ಬೇರೆ. ಅರವತ್ತೇಳರಲ್ಲಿ, ಇವನು ಕೆಲಸ ಮಾಡುವ ಅಹಮದಾಬಾದಿನ ಸಂಸ್ಥೆಯಲ್ಲಿ ಒಂದು ಹುದ್ದೆ ಖಾಲಿಯಿತ್ತು. ದಿವಾಕರ ಅರ್ಜಿ ಹಾಕಿದ್ದ. ಮುಖ್ಯಸ್ಥರು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದರು, "ನಿನ್ನ ಜೊತೆಗಿದ್ದನಂತೆ, ಹೇಗೆ ಹುಡುಗ?"

"ಒಳ್ಳೆಯವನು ಸಾರ್. ಪುಸ್ತಕ ಮುಚ್ಚಿಟ್ಟು ಕೌಬಾಯ್ ನೋಡ್ತಾ ಕೂರ್ತಿದ್ದ, ಅಷ್ಟೇ."

ಮುಖ್ಯಸ್ಥರು ನಕ್ಕರು. ಇವನೂ ನಕ್ಕ. ಹುದ್ದೆ ಇನ್ಯಾರಿಗೋ ಹೋಯಿತು. ದಿವಾಕರ ಇವನಿಗಿಂತ ಬುದ್ಧಿವಂತ. ಹೊಟ್ಟೆಕಿಚ್ಚಿಗೆ ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ದಿವಾಕರ ವಡೋದರದ ಗೋರ್ವಾದಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಸೇರಿ, ಬಾಯ್ಲರುಗಳ ಮೀಟರು ನೋಡುತ್ತಾ ಇಪ್ಪತ್ತಾರು ವರ್ಷ ಕಳೆದು ನಿವೃತ್ತನಾದ. ಎರಡು ಗಂಟೆಯ ದಾರಿ. ಇಬ್ಬರೂ ಭೇಟಿಯಾದದ್ದು ಮೂರು ಸಲ, ಮೂರೂ ಮದುವೆಗಳಲ್ಲಿ. ಮೂರೂ ಸಲ ದಿವಾಕರ ಹೆಗಲಿಗೆ ಕೈಹಾಕಿ "ಹೇಗಿದೀಯೋ ಚಂದ್ರು?" ಎಂದಿದ್ದ. ಅವನಿಗೆ ಆ ವಾಕ್ಯ ಗೊತ್ತಿತ್ತೇ? ಗೊತ್ತಿದ್ದೂ ಹೆಗಲಿಗೆ ಕೈಹಾಕಿದನೇ? ಇದು ತಿಳಿಯಬೇಕಿತ್ತು. ತಿಳಿದಮೇಲೆ ಕ್ಷಮಿಸು ಎನ್ನಬೇಕಿತ್ತು. ಇವನು ಮುಂದೂಡುತ್ತಾ ಬಂದ. ಈಗ ಅವನ ಬಾಯಿಗೇ ಬೀಗ ಬಿದ್ದಿತ್ತು.

ನಡಿಯಾದ್ ಬಂತು. ಎಪ್ಪತ್ತೈದರಲ್ಲಿ ಈ ಸುತ್ತಿನ ಹಳ್ಳಿಗಳಿಗೆ ಟೀವಿ ಕೊಟ್ಟ ತಂಡದಲ್ಲಿ ಚಂದ್ರಶೇಖರನೂ ಇದ್ದ. ಪಂಚಾಯ್ತಿ ಕಟ್ಟೆಯ ಮೇಲೆ ಪೆಟ್ಟಿಗೆ, ಎದುರಿಗೆ ಇಡೀ ಊರು. ಸಗಣಿ ಗೊಬ್ಬರ, ಹಸುವಿನ ಕೆಚ್ಚಲ ಬಾವು ತೋರಿಸಿದರು. ಏನಾದರೂ ಕಥೆ ತೋರಿಸಿ ಸಾಹೇಬರೇ ಎಂದು ಒಬ್ಬ ಮುದುಕ ಕೈಮುಗಿದ. ಮನರಂಜನೆಯಿಂದ ಕಲಿಕೆ ಕೆಡುತ್ತದೆ ಎಂದು ಟಿಪ್ಪಣಿ ಬರೆದವನು ಇವನೇ. ಈಗ ಮನೆ ಮನೆಗೂ ಕೇಬಲ್ ಬಂದಿದೆ. ಸಂಸ್ಥೆಯಲ್ಲಿ ಇನ್ನೂ ಇವನನ್ನು ಟೀವಿ ನೋಡದ ಟೀವಿ ತಜ್ಞ ಎನ್ನುತ್ತಾರೆ. ತೊಂಬತ್ತೊಂದರಲ್ಲಿ ಅಮೆರಿಕದ ಸಮ್ಮೇಳನಕ್ಕೆ ಹೋದಾಗ ಆ ಶೆರಿಫ್ ಕಥೆಯನ್ನು ಹಳೆಯ ಜಾಹೀರಾತುಗಳ ಸಮೇತ ತುಂಬಿ ಮಾರುತ್ತಿದ್ದ ಈ ಕ್ಯಾಸೆಟ್ ಕೊಂಡಿದ್ದ. ಅಲ್ಲಿಯ ಕ್ಯಾಸೆಟ್ ಇಲ್ಲಿಯ ಯಂತ್ರದಲ್ಲಿ ಓಡುವುದಿಲ್ಲ. ಸಂಸ್ಥೆಯ ಸ್ಟುಡಿಯೋದಲ್ಲಿ ಬದಲಾಯಿಸಿಕೊಂಡು ರಿಜಿಸ್ಟರಿನಲ್ಲಿ 'ಅಧ್ಯಯನಕ್ಕಾಗಿ' ಎಂದು ಬರೆದ. ಬಾಗಿಲು ಹಾಕಿಕೊಂಡು ಹನ್ನೊಂದು ಸಲ ಅಧ್ಯಯನ ಮಾಡಿದ.

ಗೋರ್ವಾದಲ್ಲಿ ಆಟೋ ಇಳಿದಾಗ ಗಾಳಿಯಲ್ಲಿ ಕಾರ್ಖಾನೆಗಳ ಘಾಟು. ಸಾಲು ಮನೆಗಳ ಸೊಸೈಟಿ. ಸುಲೋಚನಾ ಬಾಗಿಲಲ್ಲೇ ಕಾಯುತ್ತಿದ್ದಳು. ಕೂದಲಿಗೆ ಬಣ್ಣ ಹಚ್ಚುವುದನ್ನು ನಾಲ್ಕು ತಿಂಗಳಿಂದ ಬಿಟ್ಟಿದ್ದಳು, ಬೈತಲೆಯ ಇಕ್ಕೆಲ ಬೆಳ್ಳಗಿತ್ತು.

"ಬಂದ್ರಲ್ಲ, ಸದ್ಯ! ಬರಲ್ವೇನೋ ಅನ್ಕೊಂಡಿದ್ದೆ."

"ಯಾಕೆ?"

"ಹಾಗೇ ಅನ್ಸ್ತು," ಎಂದಳು. ಒಳಕ್ಕೆ ದಾರಿ ಬಿಟ್ಟಳು.

ದಿವಾಕರ ಬೆತ್ತದ ಕುರ್ಚಿಯಲ್ಲಿದ್ದ. ಬಲಗೈಯನ್ನು ದಿಂಬಿನ ಮೇಲೆ ಇಟ್ಟಿದ್ದರು. ಮುಖ ಒಂದು ಕಡೆಗೆ ಜಾರಿತ್ತು. ಕಣ್ಣು ಮಾತ್ರ ಅದೇ ಕಣ್ಣು, ಲೆಕ್ಕ ಬಿಡಿಸುವಾಗ ಇರುತ್ತಿದ್ದಂಥದು. ಚಂದ್ರಶೇಖರ ಹತ್ತಿರ ಹೋಗಿ ನಿಂತ. "ದಿವಾಕರ, ನಾನು ಕಣೋ, ಚಂದ್ರು," ಎಂದ. ಕಣ್ಣು ಇವನ ಮೇಲೆ ನಿಂತಿತು. ತುಟಿ ಅಲುಗಲಿಲ್ಲ.

ಇವನು ಫೋನಿನಲ್ಲಿ ಹೇಳಿದ್ದಂತೆ ಬಾಡಿಗೆಗೆ ತಂದ ವೀಸಿಆರ್‌ಗೆ ಮಗಳು ವರ್ಷಿಣಿ ತಂತಿ ಸಿಕ್ಕಿಸುತ್ತಿದ್ದಳು. ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. "ಅಂಕಲ್, ಪಪ್ಪಾಗೆ ಇದು ಸಮಝ್ ಆಗತ್ತಾ? ಫಿಫ್ಟಿ ಫಿಫ್ಟಿ ಅಂತಾರೆ ಡಾಕ್ಟರ್."

"ನೋಡೋಣ."

ಕಪ್ಪುಬಿಳುಪಿನ ಧೂಳಿನೊಳಗಿಂದ ಕುದುರೆಗಳು ಬಂದವು. ಚಂದ್ರಶೇಖರ ಪರದೆಯನ್ನು ನೋಡಲಿಲ್ಲ, ದಿವಾಕರನ ಮುಖವನ್ನೇ ನೋಡುತ್ತಾ ಕುಳಿತ. ಶೆರಿಫ್ ಬಂದ. ಗುಂಡು ಹಾರಿತು. ಯಾರೋ ಮಹಡಿಯಿಂದ ಬಿದ್ದ. ದಿವಾಕರ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಇಷ್ಟು ದೂರ ಹೊತ್ತು ತಂದದ್ದು ತನ್ನ ಚಪಲವನ್ನೇ ಹೊರತು ಇವನ ಔಷಧಿಯನ್ನಲ್ಲ ಎನ್ನಿಸಿ ಚಂದ್ರಶೇಖರನಿಗೆ ನಾಚಿಕೆಯಾಯಿತು.

"ಪಾಪ, ಬೇಜಾರಾಗ್ತಿದೆಯೇನೋ," ಎಂದು ಸುಲೋಚನಾ ಎದ್ದು ಒಳಗೆ ಹೋದಳು.

ಆಗ ಶೆರಿಫ್ ಕುದುರೆಯಿಂದ ಇಳಿದ. ಲಗಾಮನ್ನು ಕಂಬಕ್ಕೆ ಸುತ್ತಿದ. ಎದುರಿಗೆ ದೋಣಿಯಷ್ಟು ಉದ್ದದ ಕಾರು ನಿಂತಿತ್ತು. ಒಳಗೆ ಕುಳಿತ ಹೆಂಗಸು ಕಿಟಕಿಯಿಂದ ಬಗ್ಗಿ ಕೇಳಿದಳು: "ವೇರ್ ಟು, ಶೆರಿಫ್?" ಎಲ್ಲಿಗೆ ಹೋಗೋಣ, ಶೆರಿಫ್?

"ಹೋಮ್. ಇನ್ ಎ ಹಾಲ್ಡೇನ್."

ಹೇಳಿದ್ದು ಶೆರಿಫ್ ಅಲ್ಲ. ಅವನು ಇನ್ನೂ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದ. ಹೇಳಿದ್ದು ಬೆತ್ತದ ಕುರ್ಚಿ. ಒಂದಕ್ಷರ ತೊದಲದೆ, ಮೂಗಿನಲ್ಲಿ, ಥೇಟ್ ಕ್ರೇಗ್‌ನ ಹಾಗೆ. ಮನೆಗೆ. ಹಾಲ್ಡೇನ್ ಕಾರಿನಲ್ಲಿ.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. "ಅಯ್ಯೋ ದೇವ್ರೇ! ಯಾರು ಮಾತಾಡಿದ್ದು? ಇವ್ರಾ?" ಸುಲೋಚನಾ ಓಡಿ ಬಂದು ಗಂಡನ ಮುಂದೆ ಮಂಡಿಯೂರಿದಳು. "ಏನಂದ್ರಿ? ಇನ್ನೊಂದ್ಸಲ ಅನ್ನಿ. ನೀರು ಬೇಕಾ? ನಾನ್ಯಾರು ಹೇಳಿ, ಹೇಳಿ ಮತ್ತೆ."

ದಿವಾಕರನ ತುಟಿ ಒದ್ದಾಡಿತು. ಗಂಟಲಿನಿಂದ ಗೊರಗೊರ ಬಂತು, ಅಷ್ಟೇ.

ವರ್ಷಿಣಿ ಟೇಪು ಹಿಂದಕ್ಕೆ ಓಡಿಸಿದಳು. ಹೆಂಗಸು ಕೇಳಿದಳು, ದಿವಾಕರ ಹೇಳಿದ. ಮತ್ತೆ ಓಡಿಸಿದಳು. ಮತ್ತೆ ಹೇಳಿದ. ಮೂರನೇ ಸಲಕ್ಕೆ ಹುಡುಗಿ ಅಳುತ್ತಾ ನಗತೊಡಗಿದಳು. "ಅಮ್ಮಾ, ಇದು ಆ್ಯಡ್! ಪಪ್ಪಾ ಆ್ಯಡ್ ಹೇಳ್ತಾ ಇದಾರೆ!"

"ಹಾಗಂದ್ರೆ?" ಸುಲೋಚನಾ ಚಂದ್ರಶೇಖರನ ಕಡೆ ತಿರುಗಿದಳು.

ಅವನು ವಿವರಿಸಿದ. ಕಾರಿನ ಜಾಹೀರಾತು. ಆ ಪ್ರಶ್ನೆಗೆ ಈ ಉತ್ತರ. ಕೇಳಿ ಕೇಳಿ ಬಾಯಿಗೆ ಅಂಟಿಕೊಂಡದ್ದು, ಅರ್ಥದಿಂದ ಬಂದದ್ದಲ್ಲ. ಹೀಗಾಗುವುದುಂಟು. ಇದರಿಂದ ಬೇರೆ ಮಾತು ಬರುತ್ತದೆಂದು ಹೇಳಲಾಗದು. ಹೇಳುತ್ತಾ ಹೋದ ಹಾಗೆ ತನ್ನ ದನಿ ಹಳ್ಳಿಗೆ ಗೊಬ್ಬರದ ಪಾಠ ಮಾಡುವವನ ದನಿಯಾಗಿದೆ ಎಂದು ಗೊತ್ತಾಗಿ ನಿಲ್ಲಿಸಿದ.

"ಜಾಹೀರಾತೋ ಗೀಹೀರಾತೋ, ಮಾತು ತಾನೇ?" ಎಂದಳು ಸುಲೋಚನಾ. "ಸಾಯಂಕಾಲ ವೀಸಿಆರ್ ವಾಪಸ್ ಕೊಡ್ಬೇಕು. ಆ ಹೆಂಗಸು ಏನ್ ಕೇಳ್ತಾಳೋ ಅದನ್ನ ನನಗೆ ಕನ್ನಡ ಅಕ್ಷರದಲ್ಲಿ ಬರ್ಕೊಡಿ. ನಾನೇ ಕೇಳ್ತೀನಿ."

ಹಾಲಿನ ಲೆಕ್ಕದ ಚೀಟಿಯ ಹಿಂದೆ ಚಂದ್ರಶೇಖರ ದುಂಡಗೆ ಬರೆದುಕೊಟ್ಟ. ವೇರ್ ಟು ಶೆರಿಫ್. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಬಾಯೊಳಗೇ ಓದಿಕೊಂಡಳು. ಆಮೇಲೆ ಗಂಡನ ಎದುರು ಕೂತು, ಹಾಸನದ ಬಾಯಲ್ಲಿ, ಒಂದೊಂದೇ ಪದ ಬಿಡಿಸಿ ಕೇಳಿದಳು. ದಿವಾಕರ ಉತ್ತರ ಕೊಟ್ಟ. ಸುಲೋಚನಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ವರ್ಷಿಣಿ ಪಕ್ಕದ ಮನೆಯ ಗೀತಾಬೆನ್‌ಗೆ ಹೇಳಿಬರುತ್ತೇನೆಂದು ಓಡಿದಳು.

"ನಿಮ್ಮಿಂದ ಆಯ್ತು ನೋಡಿ. ದೊಡ್ಡ ಉಪಕಾರ," ಎಂದಳು ಸುಲೋಚನಾ. "ವಿಚಿತ್ರ ಅಂದ್ರೆ, ಇವ್ರಿಗೆ ಈ ಕುದುರೆ, ಗುಂಡು ಯಾವ್ದೂ ಆಗ್ತಾನೇ ಇರ್ಲಿಲ್ವಂತೆ."

"ಯಾರು ಹೇಳಿದ್ದು?"

"ಇವ್ರೇ. ಮಕ್ಕಳಿಗೆಲ್ಲ ಹೇಳೋರು. ಮೊದಲನೇ ಚಳಿಗಾಲ ನೀವು ಊರು ನೆನೆಸ್ಕೊಂಡು ತುಂಬಾ ಅಳ್ತಿದ್ರಂತಲ್ಲ. ಟೀವಿ ನೋಡಿದ್ರೆ ನಿಮಗೆ ಸಮಾಧಾನವಂತೆ. ಒಬ್ರೇ ಕೆಳಗೆ ಹೋಗೋಕೆ ಸಂಕೋಚ. ಚಂದ್ರುಗೆ ಜೊತೆ ಬೇಕು ಅಂತ ಇವ್ರು ಪುಸ್ತಕ ಮುಚ್ಚಿಟ್ಟು ಬರ್ತಿದ್ರಂತೆ. ಎರಡು ವರ್ಷ! ಹೇಳ್ಕೊಂಡು ನಗೋರು." ಕಾಫಿ ತರುತ್ತೇನೆಂದು ಒಳಗೆ ಹೋದಳು.

ಚಂದ್ರಶೇಖರ ಅದನ್ನು ಮರೆತಿರಲಿಲ್ಲ. ಅದಲು ಬದಲು ಮಾಡಿ ಇಟ್ಟುಕೊಂಡಿದ್ದ, ಅಷ್ಟೇ. ಅಟ್ಟದ ಮೆಟ್ಟಿಲ ಮೇಲೆ ನಿಂತು ಬಾರೋ ಬಾರೋ ಎಂದು ಕರೆದವನು ದಿವಾಕರ ಎಂದು ಇಷ್ಟು ವರ್ಷ ನಂಬಿದ್ದ. ಕರೆದವನು ತಾನು. ಪುಸ್ತಕ ಮುಚ್ಚಿಟ್ಟದ್ದನ್ನು ಕಂಡವನೂ ತಾನೇ. ಕಂಡಿದ್ದನ್ನೇ ಕಾರಿಡಾರಿನಲ್ಲಿ ನಗುತ್ತಾ ಹೇಳಿದ್ದ.

ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ಗೊತ್ತಿತ್ತು.

"ದಿವಾಕರ, ಅರವತ್ತೇಳರಲ್ಲಿ ನಿನ್ನ ಕೆಲಸ ತಪ್ಪಿಸಿದ್ದು ನಾನು. ಕೌಬಾಯ್ ನೋಡ್ತಾ ಕೂರ್ತಿದ್ದ ಅಂತ ಹೇಳ್ಬಿಟ್ಟೆ. ಹೊಟ್ಟೆಕಿಚ್ಚು ಕಣೋ. ನಿನಗೆ ಗೊತ್ತಿತ್ತಾ?"

ದಿವಾಕರನ ಎಡಗೈ ತೊಡೆಯ ಮೇಲಿನಿಂದ ಎದ್ದು ಬಂದು ಚಂದ್ರಶೇಖರನ ಮಣಿಕಟ್ಟನ್ನು ಹಿಡಿಯಿತು. ಅಷ್ಟು ಬಲ ಇನ್ನೂ ಇದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕಣ್ಣು ಒದ್ದೆಯಾಯಿತು. ಕುತ್ತಿಗೆಯ ನರ ಉಬ್ಬಿತು. ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು. ಒಳಗಿನಿಂದ ಏನೋ ಮೇಲಕ್ಕೆ ಬರುತ್ತಿತ್ತು. ಜಾಹೀರಾತಲ್ಲ, ಬೇರೆ ಏನೋ. ಬೈಗುಳವೋ, ಹೊಟ್ಟೆಗೆ ಹಾಕಿಕೊಂಡೆ ಎಂಬ ಮಾತೋ, ಬರೀ 'ಚಂದ್ರು' ಎಂಬ ಹೆಸರೋ. ಯಾವುದಾದರೂ ಸರಿ ಎಂದು ಚಂದ್ರಶೇಖರ ಉಸಿರು ಹಿಡಿದು ಬಗ್ಗಿದ. "ಹೇಳು," ಎಂದ. "ಏನಾದ್ರೂ ಹೇಳು." ದಿವಾಕರ "ಗೊ..." ಎಂದ. ಮತ್ತೆ "ಗೊ..." ಎಂದ.

ಕಾಫಿ ಲೋಟಗಳನ್ನು ಹಿಡಿದು ಸುಲೋಚನಾ ಬಾಗಿಲಿಗೆ ಬಂದಳು. ಗಂಡ ಮಾತಿಗೆ ಒದ್ದಾಡುತ್ತಿರುವುದನ್ನು ಕಂಡಳು. ಲೋಟಗಳನ್ನು ಹಾಗೇ ನೆಲಕ್ಕಿಟ್ಟು, ಸೊಂಟದಿಂದ ಚೀಟಿ ಎಳೆದು, ಅವಸರ ಅವಸರವಾಗಿ ಓದಿದಳು.

"ವೇರ್ ಟು, ಶೆರಿಫ್?"

ಉಬ್ಬಿದ ನರ ಇಳಿಯಿತು. ಮುಖ ಸಲೀಸಾಯಿತು.

"ಹೋಮ್. ಇನ್ ಎ ಹಾಲ್ಡೇನ್."

"ನೋಡಿದ್ರಾ!" ಸುಲೋಚನಾ ಬಗ್ಗಿ ಗಂಡನ ಗಲ್ಲದ ಜೊಲ್ಲು ಒರೆಸಿದಳು. "ನಾನು ಕೇಳಿದ್ರೂ ಹೇಳ್ತಾರೆ. ಇನ್ನೊಂದ್ಸಲ ಕೇಳ್ಲಾ?"

ಮಣಿಕಟ್ಟಿನ ಮೇಲೆ ಆ ಎಡಗೈ ಹಾಗೇ ಇತ್ತು. ಹಿಡಿದುಕೊಂಡಿದೆಯೋ ದೂಡುತ್ತಿದೆಯೋ ಚಂದ್ರಶೇಖರನಿಗೆ ತಿಳಿಯಲಿಲ್ಲ. ಬೇಡ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಕೇಳಿಯಾಗಿತ್ತು. ದಿವಾಕರ, ಕ್ರೇಗ್‌ನ ದನಿಯಲ್ಲಿ, ಮತ್ತೆ ಮನೆಗೆ ಹೊರಟ.