ಗವಾಕ್ಷಿಗೆ ತುರುಕಿದ ಗೋಣಿ

‘ಬಚ್ಚಲಲ್ಲಿ ಕೂತರೆ ಮೈ ತೇಲಿದ ಹಾಗಾಗುತ್ತದೆ, ಗೋಡೆ ದೂರ ಸರಿಯುತ್ತದೆ. ನನ್ನ ತಲೆಗೇನಾದರೂ ಆಗಿದೆಯೋ?’ ಡೈರಿಯಲ್ಲಿ ಇಷ್ಟು ಬರೆದು ಇಂಚರ ಪುಟ ಮಡಿಸಿಟ್ಟಳು. ಬಿ.ಎ. ಮುಗಿಸಿ ಹೊಳೆನರಸೀಪುರದ ಮನೆಯಲ್ಲಿದ್ದ ಅವಳಿಗೆ ಮಾತು ಕಡಿಮೆ. ಸದಾ ಕನಸು ಕಾಣುತ್ತಾಳೆಂದು ಮನೆಯವರು ನಗುತ್ತಿದ್ದರು. ಇದೂ ಕನಸೇ ಇರಬೇಕು ಅಂದುಕೊಂಡಳು.

ಅದು ತೊಂಬತ್ತೇಳರ ಆಷಾಢ. ಅಕ್ಕ ಮೈತ್ರೇಯಿ ಬಾಣಂತಿ. ಅವಳಿಗೆ ಗಾಳಿ ಸೋಕಬಾರದೆಂದು ಅಜ್ಜಿ ಗೋದಮ್ಮ ಬಚ್ಚಲ ಗವಾಕ್ಷಿಗೆ ಗೋಣಿಚೀಲ ತುರುಕಿದ್ದರು. ಬಚ್ಚಲ ಗೋಡೆಯಲ್ಲಿ ನೀರಿನ ಹಂಡೆ. ಅದರ ಒಲೆಯ ಬಾಯಿ ಹೊರಗೆ, ಹಿತ್ತಲಿನಲ್ಲಿ. ಸೋನೆಯಲ್ಲಿ ನೆನೆದ ತೆಂಗಿನ ಮಟ್ಟೆ ಒಟ್ಟಿದರೆ ಹೊಗೆ ಒಲೆಯ ಕೊಳವೆ ಹತ್ತದೆ ಹಿಂದಕ್ಕೇ ಹೊರಳಿ, ದಾಸವಾಳದ ಗಿಡದ ಮೇಲೆ ಮಂಜಿನಂತೆ ಮಲಗುತ್ತಿತ್ತು. ಇಂಚರ ಅದನ್ನೇ ನೋಡುತ್ತಾ ನಿಂತುಬಿಡುತ್ತಿದ್ದಳು.

ಮಗುವನ್ನು ನೋಡಲು ಬಂದ ನರ್ಸ್ ಪ್ರೇಮಕುಮಾರಿ ಆ ಹೊಗೆ ಕಂಡು ನೇರ ಹಿತ್ತಲಿಗೆ ನಡೆದರು. ಹಸಿ ಮಟ್ಟೆ ಹೊರಗೆಳೆಸಿ, ಗಾಳಿಯಾಡಲೆಂದು ಬೂದಿ ತೆಗೆಸಿದರು. ಬಿದಿರಿನ ಕೋಲಿನಿಂದ ಕೊಳವೆಗೆ ತಟ್ಟಿದರೆ ಬುಟ್ಟಿ ತುಂಬ ಮಸಿ ಉದುರಿತು. ಒಣ ಕರಟ ಹಾಕಿ ಹಚ್ಚಿದಾಗ ಹೊಗೆ ನೆಟ್ಟಗೆ ಮೇಲೇರಿತು. ಆಮೇಲೆ, ಗೋಣಿಯನ್ನೂ ತೆಗೆಯಿರಿ ಅಂದರು.

“ಹೊಗೆ ಸರಿಹೋಯ್ತಲ್ಲ, ಗೋಣಿ ಯಾಕೆ ತೆಗೀಬೇಕು?” ಗೋದಮ್ಮ ಗದರಿದರು. “ಐದು ಹೆತ್ತೋಳು ನಾನು. ನೀನಿನ್ನೂ ಮದುವೆಯಾಗಬೇಕಾದೋಳು, ನಂಗೆ ಬಾಣಂತನ ಹೇಳಿಕೊಡ್ತೀಯ?”

ಪ್ರೇಮಕುಮಾರಿ ನಕ್ಕು, ಹಂಡೆಯ ಸುತ್ತ ಗಾರೆ ಬಿರುಕು ಬಿಟ್ಟದ್ದನ್ನು ತೋರಿಸಿದರು. “ಒಲೆ ಗಾಳಿ ಇಲ್ಲಿಂದ ಒಳಗೆ ಬರುತ್ತೆ ಅಜ್ಜಿ. ಅದರ ವಿಷ ಕಣ್ಣಿಗೆ ಕಾಣಲ್ಲ, ಮೂಗಿಗೂ ತಿಳಿಯಲ್ಲ. ಮೊದಲು ಮಂಪರು. ಆಮೇಲೆ ಜೀವಕ್ಕೇ ಸಂಚಕಾರ.”

“ಯಾರಿಗೆ ಬಂತಮ್ಮ ಮಂಪರು? ನಮ್ಮನೇಲಿ ಎಲ್ಲಾ ಗುಂಡುಕಲ್ಲಿನ ಹಾಗಿದಾರೆ.”

ಮೈತ್ರೇಯಿ ಸ್ನಾನಕ್ಕೆಂದು ಮಗುವನ್ನೆತ್ತಿಕೊಂಡು ಬಚ್ಚಲ ಹೊಸಿಲು ದಾಟಿ ಒಳಗೆ ಬಂದಳು. ಕದ ಮುಚ್ಚಲು ಗೋದಮ್ಮ ಕೈ ಚಾಚಿದರು. ಇಂಚರಳ ಕೈ ಅಡ್ಡ ಬಂತು.

“ನಂಗೆ ಬರುತ್ತೆ ಅಜ್ಜಿ. ದಿನಾ. ಈ ಬಚ್ಚಲಲ್ಲೇ.”

ಗೋದಮ್ಮ ಅವಳ ಮುಖ ನೋಡಿದರು, ಮಗುವಿನ ಮುಖ ನೋಡಿದರು. ಮಣೆ ಹತ್ತಿ ನಿಂತು, ಗೋಣಿಯನ್ನು ತಾವೇ ಕಿತ್ತೆಸೆದರು.

ಅಕ್ಕಂದಿರೇ, ಹಂಡೆ ಒಲೆಗೆ ಒಣಸೌದೆಯನ್ನೇ ಹಾಕಿ. ಬೂದಿ ಕಟ್ಟಲು ಬಿಡಬೇಡಿ, ತಿಂಗಳಿಗೊಮ್ಮೆ ಕೊಳವೆಯ ಮಸಿ ಬೀಳಿಸಿ. ಬಿರುಕು ಮೆತ್ತಿಸಿ, ಮೆತ್ತಿಸಿದ ಮೇಲೂ ಗವಾಕ್ಷಿ ಮುಚ್ಚಬೇಡಿ. ತಲೆ ಸುತ್ತಿದವರನ್ನು ಮೊದಲು ಬಯಲಿಗೆ ತಂದು, ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮ ಮನೆಯಲ್ಲೂ ಹೇಳದೆ ಕೂತವರು ಇದ್ದಾರು. ಇವತ್ತೇ ಕೇಳಿ.