ಉಣ್ಣೆಯ ಸೂರು

ಹೊರಗೆ ಗಂಡಸರು ಗಟ್ಟಿಯಾಗಿ ಅಳುತ್ತಾ ಓಡಿಬರುವ ಸದ್ದು ಕೇಳಿದ್ದೇ ತಡ, ಬುರುಲ್ಚಾ ಮೊಣಕೈಯಿಂದ ಸೋನುನ್‌ಳ ಪಕ್ಕೆಗೆ ತಿವಿದಳು.

"ದನಿ ತೆಗಿಯೇ, ಬಂದ್ರು. ನಾರಿನ್ ಊರಿನ ಕಡೆಯವ್ರು. ಹೀಗೆ ಗುಮ್ಮನ ಹಾಗೆ ಕೂತಿದ್ರೆ ನೋಡಿದೋರು ಏನಂದ್ಕೋತಾರೆ?"

ಸೋನುನ್ ದನಿ ತೆಗೆದಳು. ಪದ್ಧತಿಯಂತೆ ಗುಡಾರದ ಜಾಲರಿ ಗೋಡೆಗೆ ಮುಖ ಮಾಡಿ, ಎರಡೂ ಕೈಗಳನ್ನು ಸೊಂಟಕ್ಕೆ ಊರಿ, ಗಂಡ ಹೋದ ದುಃಖವನ್ನು ಹಾಡಿಕೊಂಡು ಅತ್ತಳು. ಪರದೆಯ ಆಚೆ ಸಾತರ್ಕುಲ್ ಮಲಗಿದ್ದ. ಬೆಳಗ್ಗೆ ಮೈ ತೊಳೆದವರು ಹೊರಗೆ ಬಂದು, ಮೈಮೇಲೆ ಒಂದು ಗೀರೂ ಇಲ್ಲ, ಮಲಗಿದ ಮಗುವಿನ ಹಾಗಿದ್ದಾನೆ ಎಂದು ಅಚ್ಚರಿಪಟ್ಟಿದ್ದರು. ತಲೆಯ ವಿಷಯ ಯಾರೂ ಎತ್ತಲಿಲ್ಲ. ಅದಕ್ಕೆ ಬಿಳಿ ಬಟ್ಟೆ ಬಿಗಿಯಾಗಿ ಸುತ್ತಿಯಾಗಿತ್ತು.

"ಬಿಳಿಯ ಘಾಟಿಯ ಏರಿದವನೇ, ಒಡೆಯಾ,
ಪರರ ತಲೆಯ ಕಾಯ್ದವನೇ..."

ಸೋನುನ್ ಹಾಡಿ ಅತ್ತರೆ ಕೇಳಿದವರ ಕರುಳು ಕಿತ್ತು ಬರುತ್ತದೆ ಎಂದು ಆ ಕಣಿವೆಯಲ್ಲೆಲ್ಲ ಹೆಸರಿತ್ತು. ಅಷ್ಟೇ ಅಲ್ಲ, ಹೆಣದ ಎದುರು ಕೂತು ಹೆಂಡತಿ ಹಾಡುವ ಮಾತಿಗೆ ಯಾರೂ ಅಡ್ಡ ಬರುವಂತಿಲ್ಲ. ಹೊಡೆದು ಬಡಿದು ಮಾಡಿದ ಮೈದುನ, ಹೊಟ್ಟೆಗಿಡದ ಅತ್ತೆ, ಎಲ್ಲರ ಬಣ್ಣವೂ ಬಯಲಾಗುವುದು ಅಲ್ಲಿಯೇ. ಅಲ್ಲಿ ಹಾಡಿದ ಮಾತು ಊರಿನ ಬಾಯಲ್ಲಿ ಉಳಿದುಬಿಡುತ್ತದೆ. ಹೆಣ ಎತ್ತುವ ಹೊತ್ತಿಗೆ ಸೋನುನ್ ಏನು ಹಾಡುತ್ತಾಳೆಂದು ಹೆಂಗಸರು ಆಗಲೇ ಕಿವಿ ನಿಮಿರಿಸಿಕೊಂಡಿದ್ದರು.

ಗೋಡೆಯ ಆಚೆ ಗಂಡಸರು ಮಾತಿಗೆ ನಿಂತಿದ್ದರು. ಎಸೆನ್‌ನ ಗಡಸು ದನಿ ಚೆನ್ನಾಗಿ ಕೇಳುತ್ತಿತ್ತು. ಘಾಟಿಯಲ್ಲಿ ವ್ಯಾನು ಮತ್ತು ಲಾರಿ ಓಡಿಸುವವನು ಅವನು.

"ಮಗನ ವ್ಯಾನು, ಒಂದೇ ಉರುಳು ಕಣ್ರೀ. ತಿರುವಲ್ಲಿ ಮಂಜುಗಡ್ಡೆ ಇತ್ತು, ಜಾರ್ತು. ನಿದ್ದೇಲಿ ಮಗ್ಗುಲು ಬದಲಾಯಿಸ್ದಂಗೆ ಹಿಮದ ಮೇಲೆ ಮೆಲ್ಲಗೆ ಉರುಳಿ, ಮತ್ತೆ ಗಾಲಿ ಮೇಲೇ ನಿಂತ್ಕೊಂಡಿದೆ. ಹಿಂದಿದ್ದೋರು ಒಬ್ರ ಮೇಲೊಬ್ರು ಬಿದ್ದು ಬಚಾವಾದ್ರು. ಮಗ ಮೆದೆತ್ ಸ್ಟೇರಿಂಗ್ ಹಿಡ್ಕೊಂಡಿದ್ದ. ಸಾತರ್ಕುಲ್ ಅಣ್ಣನಿಗೆ ಮಾತ್ರ ಸೂರಿನ ಕಬ್ಬಿಣ ನೆತ್ತಿಗೆ ಬಡಿದಿದೆ."

"ಗಾಡಿ?"

"ಗಾಡಿಗೇನಾಗಿದೆ, ಕಲ್ಲುಗುಂಡು! ನಿನ್ನೆ ನಾನೇ ಒಳಗಿಂದ ಮರದ ತುಂಡು ಕೊಟ್ಟು ಗುದ್ದಿ ಸೂರು ನೆಟ್ಟಗೆ ಮಾಡ್ದೆ. ಒಂದು ಗಾಜಿಗೆ ಪ್ಲಾಸ್ಟಿಕ್ ಅಂಟಿಸ್ದೆ. ಓಡ್ತಿದೆ."

"ಹಣೇಲಿ ಬರ್ದಿತ್ತು ಬಿಡಪ್ಪ."

ಎಲ್ಲರೂ ಹೌದು ಹೌದು ಎಂದರು. ಸೋನುನ್‌ಗೆ ಮೈಯೆಲ್ಲ ಉರಿದುಹೋಯಿತು. ಹಣೆಯಲ್ಲಿ ಬರೆದಿತ್ತಂತೆ! ಹಾಗಾದರೆ ಬರೆದವನ ಕೈಗೆ ಬಲವಿತ್ತು, ಮೂಳೆ ಒಡೆಯುವಷ್ಟು ಒತ್ತಿ ಬರೆದಿದ್ದಾನೆ. ಅವಳ ಕೈ ತಾನಾಗಿ ಕೂತಿದ್ದ ಉಣ್ಣೆಹಾಸಿನ ಅಂಚಿಗೆ ಹೋಯಿತು. ಅಲ್ಲಿ ಸಾಲಾಗಿ ಸಣ್ಣ ತೂತುಗಳಿದ್ದವು. ಬೆರಳ ತುದಿ ಒಂದೊಂದನ್ನೇ ಮುಟ್ಟಿಕೊಂಡು ಹೋಯಿತು.

* * *

ಸಾತರ್ಕುಲ್ ಹರೆಯದಲ್ಲಿ ಸಾಮೂಹಿಕ ಬೇಸಾಯದ ಕೇಂದ್ರದ ಬಸ್ಸು ಓಡಿಸುತ್ತಿದ್ದ. ಒಂದು ವಸಂತದಲ್ಲಿ ಅದು ದೊಲೋನ್ ಘಾಟಿಯಲ್ಲಿ ಮಗುಚಿತು. ಕುರಿ ಕಾಯುವವರು, ಒಬ್ಬ ಬಾಣಂತಿ, ಎಲ್ಲರೂ ಬೈದುಕೊಂಡು ಹೊರಗೆ ಬಂದರು. ಶಾಲೆಗೆ ಹೊಸದಾಗಿ ಬಂದಿದ್ದ ಟೀಚರ್ ಹುಡುಗಿ ಮಾತ್ರ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಅವಳ ಜಡೆ ಕೂಡ ಬಿಚ್ಚಿರಲಿಲ್ಲ. ಕಿವಿಯಿಂದ ಒಂದೆಳೆ ರಕ್ತ ಇಳಿದಿತ್ತು, ಅಷ್ಟೇ.

ಅವಳ ತಾಯಿ ಕಣಿವೆಯ ಆಚೆಯಿಂದ ಬಂದು ಸಾತರ್ಕುಲ್‌ನ ಅಂಗಿ ಹಿಡಿದು ಎಳೆದಾಡಲಿಲ್ಲ, ಶಾಪ ಹಾಕಲಿಲ್ಲ. "ತಲೆಗೆ ಅಡ್ಡ ಏನಾದ್ರೂ ಮೆತ್ತಗಿದ್ದಿದ್ರೆ ಉಳೀತಿದ್ಲೇನೋ, ಅಲ್ವೇನಪ್ಪಾ?" ಎಂದು ಕೇಳಿದಳು. ಶಾಪ ಹಾಕಿದ್ದರೇ ಚೆನ್ನಾಗಿತ್ತು.

ಆ ಬೇಸಿಗೆ ಗಂಡ ಬಂದು ಸೋನುನ್‌ಳನ್ನು ಕೇಳಿದ: "ಉಣ್ಣೆಹಾಸನ್ನ ಎಷ್ಟು ದಪ್ಪ ಮಾಡ್ಬಹುದು ಕಣೇ?"

"ಯಾರಿಗೆ ಹಾಸೋದು, ಸುಲ್ತಾನನಿಗಾ?"

"ಹಾಸೋದಲ್ಲ. ತಲೆ ಮೇಲಕ್ಕೆ."

ತಲೆ ಕೆಟ್ಟಿದೆ ಎಂದುಕೊಂಡಳು. ಆದರೂ ಮಾಡಿಕೊಟ್ಟಳು. ಕೋಲಿನಿಂದ ಉಣ್ಣೆ ಬಡಿದು, ಜೊಂಡಿನ ಚಾಪೆಯ ಮೇಲೆ ಪದರ ಪದರವಾಗಿ ಹರಡಿ, ಕುದಿನೀರು ಸುರಿದು, ಸುರುಳಿ ಸುತ್ತಿ, ಹೆಂಗಸರೆಲ್ಲ ಸಾಲಾಗಿ ನಿಂತು ತುಳಿದರು. ಕುದುರೆಗೆ ಕಟ್ಟಿ ಬಯಲೆಲ್ಲ ಎಳೆಸಿದರು. ಅಂಗೈ ಅಗಲದಷ್ಟು ದಪ್ಪಗಿನ ಮೆತ್ತೆ ತಯಾರಾಯಿತು. ಸಾತರ್ಕುಲ್ ಅದನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ಹೋರಿಯ ಹಾಗೆ ಓಡಿ ಬಂದು ಹಣೆ ಗುದ್ದಿಕೊಂಡ. ಹಿಂದಕ್ಕೆ ಕುಕ್ಕರಿಸಿ ಬಿದ್ದು, "ನೋವಾಗ್ಲಿಲ್ಲ ಕಣೇ!" ಎಂದು ಕೂಗಿದ. ಸೋನುನ್ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಅವತ್ತು ಇಡೀ ದಿನ ಅವನು ಹಣೆ ಉಜ್ಜಿಕೊಳ್ಳುತ್ತಾ ಮನೆಯ ತುಂಬ ಓಡಾಡಿದ.

ಆಮೇಲೆ ಅವನು ಓಡಿಸಿದ ಪ್ರತಿ ಗಾಡಿಯ ಸೂರಿಗೂ ಆ ಮೆತ್ತೆಯನ್ನು ಮರದ ಪಟ್ಟಿ, ತಿರುಪು ಹಾಕಿ ಕೂರಿಸಿದ. ಹಿಂದಿನ ಸೀಟುಗಳಿಗೆ ಬೆಲ್ಟು ಇಲ್ಲದಿದ್ದಾಗ ಕುದುರೆಯ ಹೊಟ್ಟೆಪಟ್ಟಿಗಳನ್ನೇ ಹೊಲಿಸಿದ. ಜನ ಆಡಿಕೊಳ್ಳದೆ ಬಿಟ್ಟಾರೆಯೇ?

"ಸಾತರ್ಕುಲ್ ಅಣ್ಣ, ಗುಡಾರದೊಳಗೆ ಬಂದಂಗಿದೆಯಲ್ಲ, ಚಹಾ ಎಲ್ಲಿ?"

"ಮೊದ್ಲು ಪಟ್ಟಿ ಬಿಗಿ, ಆಮೇಲೆ ಚಹಾ."

"ನಮ್ಮನ್ನೇನು ಕುದುರೆ ಅಂದ್ಕೊಂಡ್ಯಾ?"

"ಕುದುರೆಗೆ ಬುದ್ಧಿ ಇರುತ್ತೆ, ಬಿಗಿಸ್ಕೊಳ್ಳುತ್ತೆ. ನೀನು ಬಿಗಿ."

ಎಲ್ಲರೂ ಬಿಗಿದುಕೊಳ್ಳುವ ತನಕ ಗಾಡಿ ಕದಲುತ್ತಿರಲಿಲ್ಲ. ಆ ಕಡೆಯಲ್ಲಿ ಡ್ರೈವರನ ಪಕ್ಕ ಕೂತು ಬೆಲ್ಟು ಎಳೆದುಕೊಂಡರೆ ಅವನ ಮುಖಕ್ಕೆ ಉಗಿದಂತೆ. ಏನು, ನನ್ನ ಮೇಲೆ ನಂಬಿಕೆ ಇಲ್ವಾ ಎನ್ನುತ್ತಾರೆ. ಇವನೊಬ್ಬ ಮಾತ್ರ, ನನ್ನನ್ನು ನಂಬಬೇಡಿ ಎಂದು ತಾನೇ ಹೇಳುತ್ತಿದ್ದ. ಊರಿನವರು ಅವನಿಗೆ ಪುಕ್ಕಲ ಎಂದು ಹೆಸರಿಟ್ಟರು. ಅವಸರವಿದ್ದವರು ಎಸೆನ್‌ನ ಗಾಡಿ ಹತ್ತಿದರು.

* * *

ಮೆದೆತ್ ಗಾಡಿ ಹಿಡಿದ ಮೇಲೆ ಮೆತ್ತೆಗೆ ಕುತ್ತು ಬಂತು.

"ಒಳಗೆ ಕಾಲಿಡ್ತಾರೆ ಅಪಾ, ತಲೆ ಎತ್ತಿ ನೋಡ್ತಾರೆ. 'ಇದು ಎಷ್ಟು ಸಲ ಮಗುಚಿದೆ?' ಅಂತಾರೆ. ಇಳ್ದು ಹೋಗ್ತಾರೆ. ನಾನು ಗಾಡಿ ಓಡಿಸ್ಲೋ, ಸ್ಮಶಾನದ ಗುಡಾರ ಓಡಿಸ್ಲೋ?" ಎಂದು, ತಾನು ಅಪಾ ಎನ್ನುತ್ತಿದ್ದ ತಾಯಿಯ ಎದುರು ಹಾರಾಡಿದ. ಅಪ್ಪನ ಎದುರು ಹಾರಾಡುವ ಧೈರ್ಯವಿರಲಿಲ್ಲ. ಅಂಗಳದಲ್ಲಿ ಗಾಡಿ ನಿಲ್ಲಿಸಿ ಸುಮ್ಮನೆ ತಿರುಪು ಬಿಚ್ಚತೊಡಗಿದ.

ಸಾತರ್ಕುಲ್ ಬಾಗಿಲಲ್ಲಿ ನಿಂತು ನೋಡಿದ. "ಚಳಿಗಾಲ ಬರ್ತಿದೆಯಲ್ಲೋ, ಇರ್ಲಿ ಬಿಡೋ," ಎಂದ. ಅಷ್ಟೇ. ಮಗ ಕಿವಿಗೆ ಹಾಕಿಕೊಳ್ಳಲಿಲ್ಲ. ಮುದುಕ ಕೆಳಗೆ ಬಿದ್ದ ತಿರುಪುಗಳನ್ನು ಆರಿಸಿ, ಡೊಂಕಾದುವನ್ನು ಕಲ್ಲಿನ ಮೇಲೆ ತಟ್ಟಿ ನೆಟ್ಟಗೆ ಮಾಡಿ, ಚಹಾಪುಡಿಯ ಡಬ್ಬಿಯಲ್ಲಿ ಹಾಕಿಟ್ಟ. ಸೋನುನ್ ಮೆತ್ತೆಯನ್ನು ಒಗೆದು ಒಣಗಿಸಿ ಒಳಗೆ ಹಾಸಿದಳು. ಈಗ ಗಂಡನ ಹೆಣದ ಪಕ್ಕ ಅದರ ಮೇಲೆಯೇ ಕೂತಿದ್ದಳು.

* * *

ಮಧ್ಯಾಹ್ನದ ಪ್ರಾರ್ಥನೆಗೆ ಸ್ವಲ್ಪ ಮುಂಚೆ ಗುಲ್ಕಾಯಿರ್ ಬಂದಳು. ಮಗುಚಿದ ದಿನ ಅದೇ ಗಾಡಿಯಲ್ಲಿ ಮುಂದಿನ ಸೀಟಿನ ಹಿಂದೆಯೇ ಕೂತಿದ್ದವಳು. ಪೆಟ್ಟಾದ ಕೈಯನ್ನು ಬಟ್ಟೆ ಕಟ್ಟಿ ಕುತ್ತಿಗೆಗೆ ತೂಗುಹಾಕಿಕೊಂಡಿದ್ದಳು. ಸೋನುನ್‌ಳನ್ನು ತಬ್ಬಿಕೊಂಡು ಅತ್ತಾದ ಮೇಲೆ, ಬುರುಲ್ಚಾ ಕೊಟ್ಟ ಚಹಾ ಹೀರುತ್ತಾ ಹೊಗಳಲು ಶುರು ಮಾಡಿದಳು.

"ಎಂಥಾ ದೊಡ್ಡ ಮನುಷ್ಯ ಅಂತೀರಿ, ಸೋನುನಕ್ಕ! ಕಣ್ಣು ತೋರಿಸ್ಕೋಬೇಕು ಅಂತ ಹತ್ತಿದ್ರಲ್ಲ, ಕೂತ ತಕ್ಷಣ ಅಭ್ಯಾಸಬಲ, ಬೆಲ್ಟು ಹಾಕ್ಕೊಂಡ್ರು."

ಸೋನುನ್ ತಿರುಗಿ ನೋಡಿದಳು. "ಹಾಕ್ಕೊಂಡಿದ್ರಾ?"

"ಹ್ಞೂ ಮತ್ತೆ. ಮೆದೆತ್ ತಮಾಷೆ ಮಾಡ್ದ. 'ಆತಾ, ಹೆತ್ತ ಅಪ್ಪ ನೀನೇ ನಂಬ್ದೆ ಇದ್ರೆ ಇವ್ರಲ್ಲಿ ಯಾರು ನನ್ನ ನಂಬ್ತಾರೆ?' ಅಂದ. ನಾವೆಲ್ಲ ಗೊಳ್ಳಂತ ನಕ್ವಿ. ಅವ್ರು ಒಂದ್ಸಲ ಮಗನ ಮುಖ ನೋಡಿದ್ರು, ಒಂದ್ಸಲ ನಮ್ ಕಡೆ ನೋಡಿದ್ರು. ನಗ್ತಾ ನಗ್ತಾ ಬಿಚ್ಚೇಬಿಟ್ರು! ನಾಲ್ಕು ಜನರ ಎದುರು ಮಗನ ಮರ್ಯಾದೆ ಉಳಿಸಿದ್ರು ನೋಡಿ. ಈಗಿನ ಕಾಲದಲ್ಲಿ ಅಂಥ ತಂದೆ ಎಲ್ಲಿ ಸಿಗ್ತಾರೆ?"

"ನಮ್ಮ ವಂಶದ ರಕ್ತ ಅದು," ಎಂದಳು ಬುರುಲ್ಚಾ ಹೆಮ್ಮೆಯಿಂದ, ಮೂಗು ಒರೆಸಿಕೊಳ್ಳುತ್ತಾ. ಸತ್ತವನು ಅವಳ ತಮ್ಮ.

ಸೋನುನ್ ಮತ್ತೆ ಗೋಡೆಗೆ ಮುಖ ಮಾಡಿದಳು. ಮೆತ್ತೆ ಕಿತ್ತದ್ದು ಅವಳಿಗೆ ಗೊತ್ತಿತ್ತು, ಅದನ್ನು ಹೇಗೋ ನುಂಗಿಕೊಂಡಿದ್ದಳು. ಬೆಲ್ಟನ್ನೂ ಬಿಚ್ಚಿಸಿದನೇ? ಬಾಯಿಗೆ ಹಾಡಿನ ಸಾಲು ತಾನಾಗಿ ಬಂದು ಕೂತಿತು:

"ತಲೆಯ ಮೇಲಿನ ಮೆತ್ತೆಯ ಕಿತ್ತವರಾರು, ಒಡೆಯಾ,
ಎದೆಯ ಪಟ್ಟಿಯ ಬಿಚ್ಚಿಸಿದವರಾರು..."

ಇದನ್ನು ಹಾಡಿದರೆ ಮುಗಿಯಿತು. ಸಂಜೆಯೊಳಗೆ ಕಣಿವೆಗೆಲ್ಲ ಗೊತ್ತಾಗುತ್ತದೆ. ಹಾಡಲೇಬೇಕು ಎಂದು ಅವಳು ಹಲ್ಲು ಕಚ್ಚಿದಳು. ಇವತ್ತಲ್ಲ ನಾಳೆ ಮಗ ಮತ್ತೆ ಆ ಘಾಟಿ ಹತ್ತುತ್ತಾನೆ, ಗಾಡಿ ತುಂಬ ಯಾರ್ಯಾರದೋ ತಲೆಗಳಿರುತ್ತವೆ.

ಮೆದೆತ್ ಗೋಡೆಯ ಆಚೆಯೇ, ನಡುವಿಗೆ ಪಟ್ಟಿ ಕಟ್ಟಿ, ಕೋಲಿಗೆ ಒರಗಿ, ಬಂದವರಿಗೆಲ್ಲ ಕೇಳುವಂತೆ ಅಳುತ್ತಾ ನಿಂತಿದ್ದ. ಮಗನಾದವನು ಹಾಗೆ ನಿಲ್ಲಬೇಕು. ಸೋನುನ್ ಜಾಲರಿಗೆ ಬಾಯಿ ಹತ್ತಿರ ತಂದಳು.

"ಮೆದೆತ್."

ಅಳು ನಿಂತಿತು. "ಏನು ಅಪಾ?"

"ನಿಮ್ಮಪ್ಪ ಬೆಲ್ಟು ಹಾಕಿದ್ರಂತೆ."

"ತಮಾಷೆಗೆ ಅಂದಿದ್ದು ಅಪಾ," ಎಂದ ಮೆದೆತ್. "ಅವ್ರು ನಿಜವಾಗ್ಲೂ ಬಿಚ್ತಾರೆ ಅಂತ ನಂಗೇನು ಗೊತ್ತು? ದಿನಾ ನನ್ನನ್ನ ಬೈಯೋರು, ಅವತ್ತೇ ಯಾಕೆ ಮಾತು ಕೇಳ್ಬೇಕಿತ್ತು?"

"ಎತ್ತೋವಾಗ ಹಾಡ್ತೀನಿ. ಎಲ್ಲಾನೂ."

"ಬೇಡ ಅಪಾ! ನಿನ್ ಕಾಲಿಗೆ ಬೀಳ್ತೀನಿ. ಹಾಡಿದ್ರೆ ಅಪ್ಪನ್ನ ಕೊಂದೋನು ಅಂತ ಸಾಯೋ ತನಕ ಬೆರಳು ತೋರಿಸ್ತಾರೆ. ನನ್ ಗಾಡಿಗೆ ನಾಯೀನೂ ಹತ್ತಲ್ಲ. ನಾನೆಲ್ಲಿಗೆ ಹೋಗ್ಲಿ?"

ಈ ಸಲದ ಅಳು ಬಂದವರಿಗೆ ಕೇಳಿಸುವ ಅಳುವಾಗಿರಲಿಲ್ಲ. ಚಿಕ್ಕವನಿದ್ದಾಗ ಕುರಿಮರಿ ಸತ್ತರೆ ಹೀಗೆಯೇ ಬಿಕ್ಕುತ್ತಿದ್ದ. ಸೋನುನ್ ಕಣ್ಣು ಮುಚ್ಚಿಕೊಂಡಳು.

"ಮೆತ್ತೆ ವಾಪಸ್ ಹಾಕ್ತೀಯಾ?"

"ಹಾಕ್ತೀನಿ."

"ಬೆಲ್ಟು? ಹತ್ತಿದೋರಿಗೆಲ್ಲ?"

"ಇವತ್ತಿಂದ್ಲೇ ಅಪಾ. ನಿನ್ನಾಣೆ. ಒಳಗೆ ಮಲಗಿದಾರಲ್ಲ, ಅವ್ರಾಣೆ."

* * *

ಪರದೆ ಸರಿಸಿದರು. ಗಂಡಸರು ಒಳಗೆ ಬಂದು ಹೆಣಕ್ಕೆ ಹೆಗಲು ಕೊಟ್ಟರು. ಹೆಂಗಸರ ಗೋಳು ಒಮ್ಮೆಲೇ ಮೇಲೆದ್ದಿತು, ಆಮೇಲೆ ಸೋನುನ್‌ಳ ದನಿಗೆ ದಾರಿ ಬಿಟ್ಟು ತಗ್ಗಿತು. ಬುರುಲ್ಚಾ ಕೂಡ ಬಾಯಿ ಮುಚ್ಚಿದಳು. ತಲೆಯ ಕಡೆ ಹಿಡಿದಿದ್ದ ಮೆದೆತ್ ತಾಯಿಯನ್ನೇ ನೋಡುತ್ತಿದ್ದ. ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಹಣೆಯ ಬರಹ ಅಳಿಸುವರಾರು, ಒಡೆಯಾ," ಎಂದು ಹಾಡಿದಳು ಸೋನುನ್. "ಕರೆದನು ದೇವರು, ಹೊರಟೆಯಾ. ಮಗನ ಹೆಗಲೇರಿ ಹೊರಟೆಯಾ..."

ಹೆಂಗಸರು ತಲೆವಸ್ತ್ರದ ತುದಿಯಿಂದ ಕಣ್ಣೊತ್ತಿಕೊಂಡರು. ಎಷ್ಟು ಚೆನ್ನಾಗಿ ಹಾಡಿದಳು ಎಂದು ಯಾರೋ ಪಿಸುಗುಟ್ಟಿದರು. ಮೆದೆತ್‌ನ ಮುಖಕ್ಕೆ ಮತ್ತೆ ರಕ್ತ ಬಂತು.

ಅಂಗಳದಲ್ಲಿ ಪ್ರಾರ್ಥನೆ ಆಯಿತು. ಇವನು ಎಂಥ ಮನುಷ್ಯ ಎಂದು ಮುಲ್ಲಾ ಕೇಳಿದ. ಒಳ್ಳೆಯವನು, ಒಳ್ಳೆಯವನು ಎಂದು ಎಲ್ಲರೂ ಒಂದೇ ದನಿಯಲ್ಲಿ ಸಾರಿದರು. ಬದುಕಿದ್ದಾಗ ಪುಕ್ಕಲ ಎಂದ ಬಾಯಿಗಳೇ ಅವು.

ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ. ಸೋನುನ್ ಗುಡಾರದ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೆಣವನ್ನು ಹೊತ್ತ ಎಸೆನ್‌ನ ಲಾರಿ ಮುಂದೆ ಹೊರಟಿತು. ಹಿಂದೆ ಮೆದೆತ್‌ನ ವ್ಯಾನಿಗೆ ಹತ್ತಿರದ ನೆಂಟರು ಹತ್ತಿದರು. ಗುದ್ದಿ ಎಬ್ಬಿಸಿದ ಸೂರು ಹಳೆಯ ಪಾತ್ರೆಯ ತಳದಂತೆ ಉಬ್ಬುತಗ್ಗಾಗಿತ್ತು. ಮುಂದಿನ ಸೀಟಿಗೆ, ಸಾತರ್ಕುಲ್ ಕೂತಿದ್ದ ಜಾಗಕ್ಕೆ, ಮುಲ್ಲಾ ಹತ್ತಿ ಕೂತ. ಎತ್ತಲೋ ನೋಡುತ್ತಾ ಬೆಲ್ಟಿಗೆ ಕೈ ಹಾಕಿ ಎದೆಯವರೆಗೆ ಎಳೆದ.

ಸೋನುನ್ ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಮುಂದಿಟ್ಟಳು.

ಮೆದೆತ್ ಮುಲ್ಲಾನ ಕಡೆ ತಿರುಗಿದ. ಸುಮ್ಮನೆ ನೋಡಿದ, ಅತ್ತು ಕೆಂಪಾದ ಕಣ್ಣುಗಳಿಂದ. ಮುಲ್ಲಾನ ಕೈ ಅಲ್ಲೇ ನಿಂತಿತು. ಅಪ್ಪನನ್ನು ಕಳೆದುಕೊಂಡವನಿಗೆ ಇವತ್ತು ಅವಮಾನ ಮಾಡುವುದುಂಟೇ? ಅವನು ನಾಚಿಕೊಂಡವನಂತೆ ತಲೆಯಾಡಿಸಿ ಕೈಬಿಟ್ಟ. ಬೆಲ್ಟು ಸರ್ರನೆ ತನ್ನ ಗೂಡಿಗೆ ಸೇರಿಕೊಂಡಿತು. ಮುಲ್ಲಾ ಮೆದೆತ್‌ನ ಭುಜ ತಟ್ಟಿದ. ವ್ಯಾನು ಹೊರಟಿತು.

"ತಲೆಯ ಮೇಲಿನ ಮೆತ್ತೆಯ ಕಿತ್ತವರಾರು, ಒಡೆಯಾ," ಎಂದು ಸೋನುನ್ ಕಿರುಚಿದಳು. "ಎದೆಯ ಪಟ್ಟಿಯ..."

"ಏಯ್! ಈಗ್ಯಾಕೆ?" ಬುರುಲ್ಚಾ ಓಡಿಬಂದು ಬಾಯಿಗೆ ಕೈ ಅಡ್ಡ ಹಿಡಿದಳು. "ಹೆಣ ಹೋದ್ಮೇಲೆ ಹಾಡ್ಬಾರ್ದು ಅಂತ ಗೊತ್ತಿಲ್ವಾ? ಕೇಳೋಕಾದ್ರೂ ಯಾರಿದಾರೆ ಇಲ್ಲಿ? ಬಾ, ಚಹಾ ಆರ್ತಿದೆ."

ಬುರುಲ್ಚಾಳ ಕೈಯ ಮೇಲಿಂದ ಸೋನುನ್ ನೋಡುತ್ತಲೇ ಇದ್ದಳು. ಹಳ್ಳ ದಾಟುವಲ್ಲಿ ವ್ಯಾನು ಎತ್ತಿ ಕುಕ್ಕಿತು. ಹಿಂದಿನ ಗಾಜಿನಲ್ಲಿ ಸಾಲಾಗಿ ಕಾಣುತ್ತಿದ್ದ ಬಿಳಿ ಉಣ್ಣೆ ಟೋಪಿಗಳೆಲ್ಲ ಒಟ್ಟಿಗೆ ಮೇಲೆದ್ದು ಸೂರಿಗೆ ಬಡಿದವು. ಒಬ್ಬೊಬ್ಬರಾಗಿ ಕೈ ಎತ್ತಿ ಟೋಪಿ ನೆಟ್ಟಗೆ ಮಾಡಿಕೊಂಡರು.