ಎಣ್ಣೆ ಹಚ್ಚಿದ ಎಡಗೈ

ಹೆಬ್ಬೆರಳು ಲಟಕ್ಕೆಂದಿತು. ಶಿವದೇವಿ ಚೀರಲಿಲ್ಲ, ಸೆರಗು ಕಚ್ಚಿಕೊಂಡಳು.

"ಇನ್ನೊಂದೈತಿ, ತಡಿ." ಮಗಳು ಅಪೂರ್ವ ಕಿರುಬೆರಳನ್ನು ಹಿಡಿದು ಜಗ್ಗಿದಳು.

ಸಂಧಿವಾತಕ್ಕೆ ಸೊಟ್ಟಗಾದ ಎಡಗೈಯನ್ನು ದಿನಾ ಬೆಳಿಗ್ಗೆ ಹೀಗೆ ಹಿಂಸಿಸಿಯೇ ಬಿಡಿಸಬೇಕಿತ್ತು. ಪೂಜೆಗೆ ಇಷ್ಟಲಿಂಗ ಕೂರುವಷ್ಟಾದರೂ ಅಂಗೈ ಬೇಕಲ್ಲ.

ಹನ್ನೊಂದು ವರ್ಷದ ಬೇನೆ. ಕೋಠಿಯ ಔಷಧಿ ಅಂಗಡಿಯಿಂದ ತಂದ ಗುಳಿಗೆಗಳು ಮುಖ ಊದಿಸಿದವೇ ಹೊರತು ನೋವು ಇಳಿಸಲಿಲ್ಲ. ಅಂಗೈಯ ಲಿಂಗವನ್ನು ದಿಟ್ಟಿಸುವ ಅರ್ಧ ಗಂಟೆ ಮಾತ್ರ ಅದು ಹತ್ತಿರ ಸುಳಿಯುತ್ತಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಶಿವದೇವಿ ಕಾರಣ ಹುಡುಕಬಹುದಿತ್ತು. ಹುಡುಕಲಿಲ್ಲ. ಗುಣ ಕಂಡ ಔಷಧಿಯ ಚೀಟಿ ಓದಬಾರದು.

ಕೈಯಿಂದ ಲಿಂಗ ಬಿದ್ದರೆ ಪ್ರಾಣ ಬಿಡಬೇಕು ಎನ್ನುತ್ತಿದ್ದಳು ಅಜ್ಜಿ. ನಗುವಂಥ ಮಾತು. ಆದರೂ ಶಿವದೇವಿ ಒಮ್ಮೆಯೂ ಬೀಳಿಸಿರಲಿಲ್ಲ. ಬೇನೆಯೆದುರು ಇನ್ನೂ ಸೋತಿಲ್ಲ ಎನ್ನಲು ಅವಳಿಗೆ ಬೇರೇನೂ ಉಳಿದಿರಲಿಲ್ಲ.

ಅಪೂರ್ವಳಿಗೆ ಕುಷಾಯಿಗೂಡದಿಂದ ಅಮೀರ್‌ಪೇಟೆಯ ಜಾವಾ ಕ್ಲಾಸಿಗೆ ಬಸ್ಸು ಹಿಡಿಯುವ ಅವಸರ. ತಾಯಿಯ ಕೈಗೆ ತಿಕ್ಕಿದ ಬೆಚ್ಚಗಿನ ಎಳ್ಳೆಣ್ಣೆಯನ್ನು ಒರೆಸಲು ಮರೆತಳು. ಹಾಗೆಯೇ ಲಿಂಗವನ್ನಿಟ್ಟಳು.

ಜಾರಿತು. ನೆಲಕ್ಕೆ ಬಡಿದು, ಉರುಳಿ, ಬಾಗಿಲ ಬಳಿ ಚಪ್ಪಲಿಗಳ ನಡುವೆ ನಿಂತಿತು.

"ಏನೂ ಆಗಿಲ್ಲ ಬಿಡವ್ವ. ಮುಕ್ಕಾಗಿಲ್ಲ." ಮಗಳು ಅದನ್ನು ವೇಲಿಗೆ ಒರೆಸಿ ತಾಯಿಯ ಅಂಗೈಗೆ ತುರುಕಿದಳು.

"ಬಿತ್ತಲ್ಲ."

"ಹೂಂ, ಬಿತ್ತು."

"ಬಿತ್ತು ಅಂದ್ರ..."

"ನಾಳಿಂದ ತಾಟಿನ್ಯಾಗ ಇಟ್ಟು ಪೂಜಿ ಮಾಡು. ಯಾರು ನೋಡಾಕ ಬರ್ತಾರ? ನನಗ ಭಾಳ ಲೇಟ್ ಆಗೈತಿ."

ನಾಳೆಯಿಂದ. ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಮಗಳ ನೆಟ್ಟನೆಯ ಹತ್ತು ಬೆರಳುಗಳನ್ನು ಕಂಡು ಶಿವದೇವಿಗೆ ಮೈಯೆಲ್ಲ ಉರಿಯಿತು. ಎಡಗೈ ಲಿಂಗದ ಸುತ್ತ ಮುಚ್ಚಿತು, ಎದ್ದಿತು, ಅಪೂರ್ವಳ ಹಣೆಗೆ ಅಪ್ಪಳಿಸಿತು. ಮತ್ತೊಮ್ಮೆ. ಮೂರನೆಯದು ಮೂಗಿನ ಮೇಲೆ ಬಿತ್ತು.

ಮೊದಲು ಆದದ್ದು ಸಂತೋಷ. ಹನ್ನೊಂದು ವರ್ಷಗಳಲ್ಲಿ ಆ ಕೈ ಬಿಗಿಯಾಗಿ ಮುಷ್ಟಿ ಕಟ್ಟಿದ್ದು ಇವತ್ತೇ. ನಾಚಿಕೆ ಆಮೇಲೆ ಬಂತು.

"ಅಪೂ, ಬಾ ಇಲ್ಲಿ. ನೋಡೂಣು."

"ಬ್ಯಾಡ." ಅಪೂರ್ವ ಗೋಡೆಗೆ ಒರಗಿ ಕುಸಿದಿದ್ದಳು. ಹಣೆಯ ವಿಭೂತಿ ಕೆಂಪಗೆ ತೊಯ್ದಿತ್ತು. "ಮೊದಲ ಅದನ್ನ ಕೆಳಗಿಡು."

ಶಿವದೇವಿ ಇಡಲು ಹೋದಳು. ಬೆರಳು ಬಿಚ್ಚಲಿಲ್ಲ. ಬಲಗೈಯಿಂದ ಜಗ್ಗಿದಳು, ಹಲ್ಲಿನಿಂದ ಕಚ್ಚಿ ಎಳೆದಳು. ನೋವು ಭುಜದವರೆಗೂ ಏರಿತು. ಒಳಗೆ ಲಿಂಗ ಭದ್ರವಾಗಿತ್ತು.

"ಒಂದೀಟು ಬಿಡಿಸವ್ವಾ," ಎಂದು ಎಂದಿನಂತೆ ಕೈ ಚಾಚಿದಳು.

ತನ್ನತ್ತ ಬರುತ್ತಿದ್ದ ಮುಷ್ಟಿಯನ್ನು ಕಂಡು ಅಪೂರ್ವ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.